ಊರದಾರಿಗಳಲ್ಲಿ ಸೈಕಲ್ ಪ್ರವಾಸ: ಬೀದರ್ ಹೊರವಲಯದ ಹಸಿರು ಮಾರ್ಗಗಳು ಮತ್ತು ಗ್ರಾಮ ಪಂಚಾಯತಿಗಳ ಹೊಣೆ

ಪೀಠಿಕೆ

ಬೀದರ್ ಕೋಟೆಯ ಉತ್ತರದ ಗೋಡೆಯ ಬಳಿ ನಿಂತು ನೋಡಿದರೆ, ಕೆಂಪು ಕಲ್ಲಿನ ಎತ್ತರದ ನೆಲ ಅಲ್ಲಿಗೇ ಮುಗಿದು, ಕೆಳಗೆ ಎರೆಮಣ್ಣಿನ ಬಯಲು ಮಾಂಜ್ರಾ ನದಿಯ ಕಡೆಗೆ ಹರಡಿರುವುದು ಕಾಣುತ್ತದೆ. ಆ ಬಯಲಿನಲ್ಲಿ, ನಗರದಿಂದ ಹನ್ನೆರಡು ಕಿಲೋಮೀಟರಿನ ಆಸುಪಾಸಿನಲ್ಲಿ ಜನವಾಡ ಗ್ರಾಮವಿದೆ. ನಸುಕಿನ ವೇಳೆ ಇಂತಹ ದಾರಿಗಳಲ್ಲಿ ಎರಡು ಬಗೆಯ ಸೈಕಲ್ ಸವಾರರು ಕಾಣಸಿಗುತ್ತಾರೆ. ಹಾಲಿನ ಕ್ಯಾನು ತೂಗುಹಾಕಿಕೊಂಡು ನಗರದ ಕಡೆಗೆ ಏರುವವರು ಒಂದು ಬಗೆ. ಆರೋಗ್ಯಕ್ಕಾಗಿ, ಊರು ನೋಡುವುದಕ್ಕಾಗಿ ನಗರದಿಂದ ಇಳಿದು ಬರುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಸೈಕಲ್ ದುಡಿಮೆಯ ಸಾಧನ, ಎರಡನೆಯವರಿಗೆ ಬಿಡುವಿನ ಸಂಗಾತಿ. ಆದರೂ ಇಬ್ಬರಿಗೂ ಬೇಕಾದ ದಾರಿ ಒಂದೇ. ಭಾರಿ ವಾಹನಗಳ ಭಯವಿಲ್ಲದ, ನೆರಳು ಮತ್ತು ನೀರು ಸಿಗುವ, ಮಳೆಗಾಲದಲ್ಲಿ ಗಾಲಿ ಹೂತುಕೊಳ್ಳದ ದಾರಿ.

ಸೈಕಲ್ ಪ್ರವಾಸದ ಮಾತು ಬಂದಾಗ ಹೊಸ ರಸ್ತೆ, ದೊಡ್ಡ ಕಟ್ಟಡ, ಕಮಾನು, ಬಣ್ಣದ ದೀಪ ಮುಂತಾದವು ಮೊದಲು ನೆನಪಿಗೆ ಬರುವುದುಂಟು. ವಾಸ್ತವದಲ್ಲಿ ಅವು ಯಾವುವೂ ಅಗತ್ಯವಿಲ್ಲ. ಬೀದರ್ ಸುತ್ತಲಿನ ಹಳ್ಳಿಗಳ ನಡುವೆ ತಲೆಮಾರುಗಳಿಂದ ಬಳಕೆಯಲ್ಲಿರುವ ಬಂಡಿದಾರಿ, ಹೊಲದ ರಸ್ತೆ, ಕೆರೆಯ ಏರಿ ಮತ್ತು ಊರಿನಿಂದ ಊರಿಗೆ ಹೋಗುವ ಕಿರುರಸ್ತೆಗಳೇ ಉತ್ತಮ ಸೈಕಲ್ ಮಾರ್ಗಗಳಾಗಿವೆ. ಇವುಗಳಲ್ಲಿ ಹೆಚ್ಚಿನವು ಗ್ರಾಮ ಪಂಚಾಯತಿಗಳ ವ್ಯಾಪ್ತಿಯಲ್ಲಿವೆ. ನಗರ ಬೆಳೆದಂತೆ ಮೊದಲು ಅಳಿಯುವುದೂ ಇವೇ ದಾರಿಗಳು. ಊರಿನವರ ದಾರಿ ಉಳಿದರೆ ಪ್ರವಾಸಿಗೂ ಅಷ್ಟೇ ಸಾಕು. ಅದು ಹೋದರೆ ಯಾವ ಪ್ರವಾಸ ಯೋಜನೆಯೂ ಅದನ್ನು ಮರಳಿ ತಂದುಕೊಡಲಾರದು. ಈ ಹಿನ್ನೆಲೆಯಲ್ಲಿ ಮಾರ್ಗಗಳ ಸ್ವರೂಪ, ಅವುಗಳ ಮೇಲಿನ ಒತ್ತಡ ಹಾಗೂ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳನ್ನು ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಸೈಕಲ್ ಪ್ರವಾಸಿ ಎಂದರೆ ಯಾರು?

ಸೈಕಲ್ ಪ್ರವಾಸವು ಪಂದ್ಯವಲ್ಲ. ಸಾಮಾನು ಕಟ್ಟಿಕೊಂಡ ಸವಾರನು ಗಂಟೆಗೆ 12ರಿಂದ 15 ಕಿಲೋಮೀಟರ್ ವೇಗದಲ್ಲಿ ಸಾಗುತ್ತಾನೆ. ರಜಾದಿನದ ಬೆಳಗಿನ ಸವಾರಿ 20ರಿಂದ 40 ಕಿಲೋಮೀಟರಿನದು. ದಿನವಿಡೀ ಸಾಗುವವರು 60ರಿಂದ 80 ಕಿಲೋಮೀಟರ್ ಕ್ರಮಿಸುತ್ತಾರೆ. ಇವರಲ್ಲದೆ, 200, 300, 400 ಮತ್ತು 600 ಕಿಲೋಮೀಟರಿನ ದೂರವನ್ನು ನಿಗದಿತ ಅವಧಿಯೊಳಗೆ ಮುಗಿಸುವ ದೂರ ಸವಾರರೂ ದೇಶದ ದೊಡ್ಡ ನಗರಗಳಲ್ಲಿದ್ದಾರೆ. 200 ಕಿಲೋಮೀಟರಿಗೆ ಅವರಿಗಿರುವ ಅವಧಿ ಹದಿಮೂರೂವರೆ ಗಂಟೆ. ಹೈದರಾಬಾದಿನಿಂದ ಬೀದರ್ ಸುಮಾರು 140 ಕಿಲೋಮೀಟರ್ ದೂರದಲ್ಲಿದೆ. ಆದ್ದರಿಂದ ಅಂತಹ ಸವಾರರಿಗೆ ಬೀದರ್ ಒಂದು ದಿನದ ದಾರಿ.

ಕಾರಿನಲ್ಲಿ ಬರುವ ಪ್ರವಾಸಿ ಕೋಟೆಯನ್ನು ನೋಡಿ ನಗರದಿಂದಲೇ ಹಿಂತಿರುಗುತ್ತಾನೆ. ಸೈಕಲ್ಲಿನಲ್ಲಿ ಬರುವವನು ಹಳ್ಳಿಯಲ್ಲಿ ನಿಲ್ಲಲೇಬೇಕು. ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರು ಬೇಕಾಗುವುದರಿಂದ ಆತ ನಲ್ಲಿ ಹುಡುಕುತ್ತಾನೆ. ಗಾಲಿಗೆ ಮುಳ್ಳು ತಾಗಿದರೆ ಪಂಕ್ಚರ್ ಅಂಗಡಿ ಕೇಳುತ್ತಾನೆ. ಹಸಿದಾಗ ರೊಟ್ಟಿಯೋ ಚಹವೋ ಸಿಗುವಲ್ಲಿ ಕೂರುತ್ತಾನೆ. ಹಳ್ಳಿಗೂ ಪ್ರವಾಸಕ್ಕೂ ನೇರವಾದ ನಂಟು ಬೆಸೆಯುವುದು ಈ ನಿಧಾನಗತಿಯಿಂದಲೇ. ವಿಶ್ವಸಂಸ್ಥೆಯು 2018ರಿಂದ ಜೂನ್ 3ನ್ನು ವಿಶ್ವ ಬೈಸಿಕಲ್ ದಿನವಾಗಿ ಆಚರಿಸುತ್ತಿದೆ. ನಮ್ಮ ರಾಜ್ಯದಲ್ಲಿ 2017ರಲ್ಲಿ ಮೈಸೂರು ನಗರದಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆಯು ನಗರದೊಳಗಿನ ಸವಾರಿಗೆ ಮಾದರಿಯಾಯಿತು. ನಗರದ ಹೊರಗಿನ ಸವಾರಿಯ ಹೊಣೆ ಮಾತ್ರ ಸ್ವಾಭಾವಿಕವಾಗಿಯೇ ಗ್ರಾಮಗಳ ಮೇಲೆ ಬೀಳುತ್ತದೆ.

2. ನೆಲದ ಗುಣ, ಋತುವಿನ ಗುಣ

ಬೀದರ್ ನಗರವು ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಜಂಬಿಟ್ಟಿಗೆ ಕಲ್ಲು ರಂಧ್ರಮಯವಾದುದು. ಮಳೆನೀರು ಅದರ ಮೂಲಕ ಇಳಿದು, ಕೆಳಗಿನ ಗಟ್ಟಿ ಪದರ ತಡೆದಾಗ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ ಮತ್ತು ಗುರುನಾನಕ್ ಝರಾ ಈ ನೆಲದ ಗುಣಕ್ಕೆ ಎಲ್ಲರೂ ಬಲ್ಲ ಸಾಕ್ಷಿಗಳು. ಈ ಎತ್ತರದ ನೆಲದಿಂದ ಇಳಿದರೆ ತೊಗರಿ, ಸೋಯಾ, ಜೋಳ, ಉದ್ದು, ಹೆಸರು ಬೆಳೆಯುವ ಎರೆಹೊಲಗಳು. ನದಿಯ ಬದಿಗೆ ಕಬ್ಬಿನ ಗದ್ದೆಗಳು.

ಸೈಕಲ್ ಸವಾರನಿಗೆ ಈ ಭೂರಚನೆಯ ಅರ್ಥ ಸ್ಪಷ್ಟವಾಗಿದೆ. ನಗರದಿಂದ ಉತ್ತರಕ್ಕೂ ಪೂರ್ವಕ್ಕೂ ಹೊರಟಾಗ ಮೊದಲು ಇಳಿಜಾರು ಸಿಗುತ್ತದೆ. ಹಿಂತಿರುಗುವಾಗ, ದೇಹ ದಣಿದು ಬಿಸಿಲು ಏರಿರುವ ಹೊತ್ತಿನಲ್ಲಿ, ಏರು ಎದುರಾಗುತ್ತದೆ. ಹೀಗಾಗಿ ಕುಡಿಯುವ ನೀರು ಮತ್ತು ಕೂರುವ ಕಟ್ಟೆ ಅತ್ಯಗತ್ಯವಾದ ಸ್ಥಳವೆಂದರೆ ಏರಿನ ಬುಡ. ದಿನನಿತ್ಯ ನಗರಕ್ಕೆ ಹಾಲು, ತರಕಾರಿ ಒಯ್ಯುವವರಿಗೂ ಇದೇ ಸ್ಥಳ ವಿಶ್ರಾಂತಿಯ ತಾಣವಾಗಬಲ್ಲದು.

ಎರೆಮಣ್ಣಿನ ದಾರಿಯು ಬೇಸಿಗೆಯಲ್ಲಿ ಹೆಂಚಿನಂತೆ ಗಟ್ಟಿಯಾಗಿರುತ್ತದೆ. ಒಂದು ಮಳೆ ಬಿದ್ದರೆ ಅದೇ ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರುವಂತೆ ಮಾಡುತ್ತದೆ. ಅದರ ಮೇಲೆ ಮುರುಮ ಹಾಸಿ, ಎರಡೂ ಬದಿಗೆ ನೀರು ಹರಿದುಹೋಗುವಂತೆ ಮಾಡಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ದಾರಿ ಬಳಕೆಗೆ ಬರುತ್ತದೆ. ಜಿಲ್ಲೆಯ ಮಳೆಯ ಬಹುಭಾಗ ಸುರಿಯುವುದು ಈ ನಾಲ್ಕು ತಿಂಗಳಿನಲ್ಲಿಯೇ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಸವಾರಿಗೆ ಅತ್ಯಂತ ಪ್ರಶಸ್ತವಾದುದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಗಿನ ಒಂಬತ್ತರ ನಂತರ ಸವಾರಿಯನ್ನು ಉತ್ತೇಜಿಸುವುದು ಸೂಕ್ತವಲ್ಲ.

3. ನಗರದ ಸುತ್ತಲಿನ ಮಾರ್ಗಗಳು

ಪೂರ್ವ ದಿಕ್ಕು: ಅಷ್ಟೂರು. ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಅಷ್ಟೂರಿನಲ್ಲಿ ಬಹಮನಿ ಅರಸರ ಗೋರಿಗಳಿವೆ. 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾ ವಲಿಯ ಗೋರಿಯ ಒಳಗೋಡೆಯ ವರ್ಣಚಿತ್ರಗಳು ಇಂದಿಗೂ ನೋಡುಗರನ್ನು ನಿಲ್ಲಿಸುತ್ತವೆ. ದಾರಿಯಲ್ಲಿ ಎಂಟು ಮೂಲೆಯ ಚೌಖಂಡಿ ಇದೆ. ಪ್ರತಿವರ್ಷ ನಡೆಯುವ ಅಷ್ಟೂರಿನ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಸೇರುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುವ ಸಂಪ್ರದಾಯವೂ ಈ ಜಾತ್ರೆಗಿದೆ. ಕಾಲ್ನಡಿಗೆಯ ಭಕ್ತರಿಗೆ ಒದಗುವ ನೆರಳು ಮತ್ತು ನೀರು ಸೈಕಲ್ ಸವಾರರಿಗೂ ಒದಗುತ್ತದೆ. ಚಿಕ್ಕ ಮಕ್ಕಳೊಂದಿಗೆ ಬರುವವರಿಗೆ, ಹೊಸದಾಗಿ ಸೈಕಲ್ ಕಲಿತವರಿಗೆ ಇದು ಸೂಕ್ತವಾದ ಮಾರ್ಗ.

ಪಶ್ಚಿಮ ದಿಕ್ಕು: ಬರೀದ್ ಶಾಹಿ ಗೋರಿಗಳು ಮತ್ತು ನೌಬಾದ್. ನಗರದ ಪಶ್ಚಿಮಕ್ಕೆ ಬರೀದ್ ಶಾಹಿ ಅರಸರ ಗೋರಿಗಳಿವೆ. ನೌಬಾದ್ ಬಳಿ ಸುರಂಗ ಬಾವಿ ಎಂದು ಜನ ಕರೆಯುವ ಕರೇಜ್ ಇದೆ. ನೆಲದಡಿಯಲ್ಲಿ ಹಗುರವಾದ ಇಳಿಜಾರಿನಲ್ಲಿ ಕೊರೆದ ಕಾಲುವೆಯ ಮೂಲಕ, ಯಾವ ಯಂತ್ರದ ನೆರವೂ ಇಲ್ಲದೆ, ನೀರು ತಾನಾಗಿ ಹರಿದು ಬರುವ ವ್ಯವಸ್ಥೆ ಇದು. ಈ ತಂತ್ರವು ಪರ್ಷಿಯಾ ದೇಶದಿಂದ ಬಹಮನಿಯರ ಕಾಲದಲ್ಲಿ ಇಲ್ಲಿಗೆ ಬಂದಿತು. ಸುಮಾರು ಮೂರು ಕಿಲೋಮೀಟರ್ ಉದ್ದದ ನೌಬಾದ್ ಕರೇಜಿನ ಮೇಲೆ ಸಾಲಾಗಿ ತೆರೆದಿರುವ 21 ಬಾವಿಗಳು ಗಾಳಿ ಮತ್ತು ಬೆಳಕು ಒಳಹೋಗಲು, ಹೂಳೆತ್ತಲು ಮಾಡಿದವು. ಈ ಬಾವಿಗಳ ಸಾಲನ್ನು ಹಿಂಬಾಲಿಸಿ ನಿಧಾನವಾಗಿ ಸಾಗುವುದೇ ಕರೇಜನ್ನು ಅರಿಯುವ ಉತ್ತಮ ಕ್ರಮ. ಅದಕ್ಕೆ ಸೈಕಲ್ಲಿಗಿಂತ ಸೂಕ್ತವಾದ ವಾಹನವಿಲ್ಲ.

ಉತ್ತರ ದಿಕ್ಕು: ಚಿಕ್ಕಪೇಟ, ಜನವಾಡ, ಕೌಠಾ. ಔರಾದ್ ಮೂಲಕ ಮಹಾರಾಷ್ಟ್ರದ ದೇಗಲೂರು, ನಾಂದೇಡ ಕಡೆಗೆ ಹೋಗುವ ಹೆದ್ದಾರಿ ಇದು. ಜನವಾಡದ ಕೃಷಿ ವಿಜ್ಞಾನ ಕೇಂದ್ರ, ಎರೆಹೊಲಗಳ ಸಾಲು, ಮುಂದೆ ಕೌಠಾ ಬಳಿ ಮಾಂಜ್ರಾ ನದಿಯ ಸೇತುವೆ ಈ ಮಾರ್ಗದ ವಿಶೇಷಗಳು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟುವ ಮಾಂಜ್ರಾ, 724 ಕಿಲೋಮೀಟರ್ ಹರಿದು ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ನದಿಯ ದೃಷ್ಟಿಯಿಂದ ಇದು ಅತ್ಯಂತ ಸುಂದರವಾದ ಮಾರ್ಗ. ಸುರಕ್ಷತೆಯ ದೃಷ್ಟಿಯಿಂದ ಅತ್ಯಂತ ಎಚ್ಚರಿಕೆ ಬೇಡುವ ಮಾರ್ಗವೂ ಹೌದು. ಜನವಾಡ ಸಮೀಪದ ಇಮಾಮಪುರದಲ್ಲಿ ಸಕ್ಕರೆ ಕಾರ್ಖಾನೆ ಇರುವುದರಿಂದ, ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಮತ್ತು ಬಂಡಿಗಳ ಓಡಾಟ ಹೆಚ್ಚುತ್ತದೆ. ಸವಾರಿಗೆ ಪ್ರಶಸ್ತವಾದ ಚಳಿಗಾಲವೂ ಕಬ್ಬಿನ ಹಂಗಾಮೂ ಒಂದೇ ಕಾಲಕ್ಕೆ ಬರುತ್ತವೆ ಎಂಬುದನ್ನು ಮರೆಯಬಾರದು. ಹೆದ್ದಾರಿಗೆ ಬದಲಾಗಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಒಳದಾರಿಗಳ ಮಹತ್ವ ಇಲ್ಲಿ ಎಲ್ಲಕ್ಕಿಂತ ಹೆಚ್ಚು.

ಅರಣ್ಯ ಮತ್ತು ಕೆರೆಗಳು: ಹೈದರಾಬಾದ್ ರಸ್ತೆಯಲ್ಲಿ ಶಹಾಪುರ ಅರಣ್ಯಕ್ಕೆ ಹೊಂದಿಕೊಂಡ ದೇವದೇವ ವನ, ಬೀದರ್ ತಾಲ್ಲೂಕಿನ ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯ, ದಕ್ಷಿಣಕ್ಕೆ ಕಮಠಾಣದ ಕೆರೆ ಇವು ನಗರವಾಸಿಗಳ ಅರ್ಧ ದಿನದ ಸವಾರಿಗೆ ಒದಗುವ ತಾಣಗಳು. ಜಿಲ್ಲೆಯ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗಗಳಿವೆ. ಚಳಿಗಾಲದಲ್ಲಿ ಕೆರೆಗಳಿಗೆ ವಲಸೆ ಹಕ್ಕಿಗಳು ಬರುತ್ತವೆ.

ದೂರದ ಮಾರ್ಗಗಳು: ಭಾಲ್ಕಿ ಮತ್ತು ಔರಾದ್ ಪಟ್ಟಣಗಳು ನಗರದಿಂದ ತಲಾ ಸುಮಾರು 40 ಕಿಲೋಮೀಟರ್ ದೂರದಲ್ಲಿವೆ. ಭಾಲ್ಕಿಯ ಕಡೆಗೆ ರೈಲುಮಾರ್ಗವೂ ಇರುವುದರಿಂದ ಒಂದು ಬದಿ ಸೈಕಲ್ಲಿನಲ್ಲಿ, ಇನ್ನೊಂದು ಬದಿ ರೈಲಿನಲ್ಲಿ ಪ್ರಯಾಣಿಸಲು ಅವಕಾಶವಿದೆ. ಖಾನಾಪುರ, ಹಾಲಬರ್ಗಾ ನಿಲ್ದಾಣಗಳು ನಡುವೆ ಸಿಗುತ್ತವೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ಜಲಾಶಯವಿದೆ. ಔರಾದಿನಲ್ಲಿ ಅಮರೇಶ್ವರ ದೇವಾಲಯವಿದೆ. ಆ ಭಾಗದ ಹೊಲಗಳಲ್ಲಿ ದೇವಣಿ ತಳಿಯ ದನಗಳನ್ನು ಕಾಣಬಹುದು. ಇಷ್ಟು ದೂರದ ಮಾರ್ಗ ಒಂದೇ ಪಂಚಾಯತಿಯಿಂದ ಆಗುವಂಥದಲ್ಲ. ನೆರೆಹೊರೆಯ ಪಂಚಾಯತಿಗಳು ಗಡಿಯಲ್ಲಿ ಕೈಜೋಡಿಸಿದಾಗ ಮಾತ್ರ ದಾರಿ ತುಂಡಾಗದೆ ಮುಂದುವರಿಯುತ್ತದೆ.

4. ದಾರಿ ಅಳಿಯುವ ಬಗೆ

ಹಳ್ಳಿಯ ದಾರಿ ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಮೊದಲು ಬದುವಿನ ಒಂದು ಸಾಲು ದಾರಿಯೊಳಕ್ಕೆ ಬರುತ್ತದೆ. ಮರುವರ್ಷ ಇನ್ನೊಂದು ಸಾಲು. ಬಂಡಿಯ ಬಳಕೆ ಕಡಿಮೆಯಾಗಿ, ದ್ವಿಚಕ್ರ ವಾಹನವಿದ್ದವರು ಡಾಂಬರು ರಸ್ತೆ ಹಿಡಿದ ಮೇಲೆ ದಾರಿಯಲ್ಲಿ ಜಾಲಿ ಬೆಳೆಯುತ್ತದೆ. ಆಮೇಲೆ ‘ಇಲ್ಲಿ ದಾರಿ ಎಲ್ಲಿತ್ತು?’ ಎಂಬ ಪ್ರಶ್ನೆ ಏಳುತ್ತದೆ. ಗ್ರಾಮ ನಕಾಶೆಯಲ್ಲಿ ಮಾತ್ರ ಆ ದಾರಿ ಗೆರೆಯಾಗಿ ಉಳಿದಿರುತ್ತದೆ.

ನಗರದ ಅಂಚಿನ ಗ್ರಾಮಗಳಲ್ಲಿ ಈ ಕ್ರಿಯೆ ಇನ್ನೂ ವೇಗವಾಗಿ ನಡೆಯುತ್ತದೆ. ಹೊಲವು ನಿವೇಶನವಾದಾಗ ಬಡಾವಣೆಯ ಒಳರಸ್ತೆಗಳು ಹುಟ್ಟಿಕೊಳ್ಳುತ್ತವೆ. ಊರಿನಿಂದ ಊರಿಗೆ ಹೋಗುತ್ತಿದ್ದ ಹಳೆಯ ದಾರಿ ಕಾಂಪೌಂಡ್ ಗೋಡೆಗೆ ಬಂದು ನಿಲ್ಲುತ್ತದೆ. ಕರೇಜಿನ ಬಾವಿಯ ಬಾಯಿ ಮಣ್ಣಿನಿಂದ ಮುಚ್ಚಿದರೆ ನೆಲದಡಿಯ ಕಾಲುವೆಯ ಉಸಿರೇ ಕಟ್ಟುತ್ತದೆ. ರಸ್ತೆ ಅಗಲೀಕರಣದಲ್ಲಿ ಹಳೆಯ ಬೇವು, ಹುಣಸೆ, ಆಲದ ಮರಗಳು ಉರುಳಿದರೆ ಆ ನೆರಳು ಮರಳಿ ಬರಲು ಒಂದು ತಲೆಮಾರು ಬೇಕು.

ಇದರ ಪರಿಣಾಮವನ್ನು ಮೊದಲು ಅನುಭವಿಸುವವರು ಪ್ರವಾಸಿಗಳಲ್ಲ. ಒಳದಾರಿ ಮುಚ್ಚಿದಾಗ ಪ್ರೌಢಶಾಲೆಗೆ ಹೋಗುವ ಬಾಲಕಿ ಹೆದ್ದಾರಿಗೆ ಬರಬೇಕಾಗುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿತು. ಆ ಸೈಕಲ್ಲುಗಳು ಎಷ್ಟೋ ಹೆಣ್ಣುಮಕ್ಕಳ ಓದು ಏಳನೆಯ ತರಗತಿಗೇ ನಿಲ್ಲದಂತೆ ನೆರವಾದವು. ಸೈಕಲ್ ಕೊಟ್ಟಷ್ಟೇ ಮುಖ್ಯವಾದುದು ಅದು ಓಡುವ ದಾರಿ. ಟ್ರ್ಯಾಕ್ಟರು, ಲಾರಿಗಳ ನಡುವೆ ಮಗಳನ್ನು ಕಳಿಸಲು ಹೆದರುವ ಪಾಲಕರು ಶಾಲೆಯನ್ನೇ ಬಿಡಿಸುವ ಸಂದರ್ಭ ಬರಬಾರದು. ಆದುದರಿಂದ ಸೈಕಲ್ ಮಾರ್ಗದ ಮೊದಲ ಫಲಾನುಭವಿ ಊರಿನ ವಿದ್ಯಾರ್ಥಿನಿ, ಎರಡನೆಯವರು ಹಾಲು ಮಾರುವವರು ಹಾಗೂ ಕೂಲಿಗೆ ಹೋಗುವವರು, ಮೂರನೆಯವರು ಹೊರಗಿನಿಂದ ಬರುವ ಪ್ರವಾಸಿ ಎಂಬ ಕ್ರಮವನ್ನು ಸದಸ್ಯರು ಸದಾ ಮನಸ್ಸಿನಲ್ಲಿಟ್ಟುಕೊಳ್ಳುವುದು ಉಚಿತ.

5. ಸಂಖ್ಯೆಯ ಕಲ್ಲು: ಒಂದು ಉದಾಹರಣೆ

ಬೆಲ್ಜಿಯಂ ದೇಶದ ಲಿಂಬರ್ಗ್ ಪ್ರಾಂತವು ಕಲ್ಲಿದ್ದಲು ಗಣಿಗಳ ನಾಡಾಗಿತ್ತು. ಅಲ್ಲಿಯ ಕೊನೆಯ ಗಣಿ 1992ರಲ್ಲಿ ಮುಚ್ಚಿತು. ದುಡಿಮೆ ಕಳೆದುಕೊಂಡ ಆ ಪ್ರಾಂತವು 1995ರಲ್ಲಿ ಸರಳವಾದ ಒಂದು ಉಪಾಯ ಮಾಡಿತು. ಆಗಲೇ ಇದ್ದ ಕಿರುರಸ್ತೆಗಳು, ಕಾಲುವೆ ದಂಡೆಗಳು, ಹೊಲದ ದಾರಿಗಳು ಪರಸ್ಪರ ಕೂಡುವ ಪ್ರತಿಯೊಂದು ಜಾಗಕ್ಕೂ ಒಂದು ಸಂಖ್ಯೆ ಕೊಟ್ಟು, ಅಲ್ಲಿಂದ ಮುಂದಿನ ಸಂಖ್ಯೆಗೆ ಹೋಗುವ ದಿಕ್ಕನ್ನು ಬಾಣದ ಗುರುತಿನಿಂದ ತೋರಿಸಿತು. ಸವಾರನು ತನಗೆ ಬೇಕಾದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಸಾಕು. ಭಾಷೆ ಬಾರದಿದ್ದರೂ, ಮೊಬೈಲ್ ಇಲ್ಲದಿದ್ದರೂ ದಾರಿ ತಪ್ಪುವುದಿಲ್ಲ. ಈ ಕ್ರಮ ಮುಂದೆ ಬೆಲ್ಜಿಯಂನ ಇತರ ಭಾಗಗಳಿಗೂ ನೆದರ್ಲೆಂಡ್ಸ್ ದೇಶಕ್ಕೂ ಹರಡಿತು.

ಕನ್ನಡ, ಮರಾಠಿ, ತೆಲುಗು, ಉರ್ದು ಭಾಷೆಗಳನ್ನಾಡುವ ಜನ ಒಂದೇ ಸಂತೆಯಲ್ಲಿ ಸೇರುವ ನಮ್ಮ ಗಡಿ ಜಿಲ್ಲೆಗೆ ಈ ಉಪಾಯ ವಿಶೇಷವಾಗಿ ಹೊಂದುತ್ತದೆ. ಇದಕ್ಕೆ ಕಬ್ಬಿಣದ ಕಮಾನು ಬೇಡ. ದಾರಿಗಳು ಕೂಡುವಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟು, ಸುಣ್ಣ ಬಳಿದು, ಊರಿನ ಹೆಸರು, ಸಂಖ್ಯೆ, ಮುಂದಿನ ಊರಿಗಿರುವ ದೂರ ಹಾಗೂ ನೀರು ಸಿಗುವ ಸ್ಥಳ ಇಷ್ಟನ್ನು ಬರೆದರೆ ಸಾಕು. ಇಂತಹ ಕಲ್ಲಿಗೆ ಇನ್ನೊಂದು ಗುಣವೂ ಇದೆ. ಗುರುತಿನ ಕಲ್ಲು ಇರುವ ದಾರಿ ಸಾರ್ವಜನಿಕ ದಾರಿ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಅದನ್ನು ಸದ್ದಿಲ್ಲದೆ ಒತ್ತುವುದು ಕಷ್ಟವಾಗುತ್ತದೆ.

6. ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮಗಳು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಅಡಿಯಲ್ಲಿ ಗ್ರಾಮದ ರಸ್ತೆಗಳ ನಿರ್ವಹಣೆ, ಕುಡಿಯುವ ನೀರು, ಬೀದಿದೀಪ, ಸಾರ್ವಜನಿಕ ಸ್ಥಳಗಳಲ್ಲಿ ಗಿಡ ನೆಡುವುದು ಮುಂತಾದವು ಗ್ರಾಮ ಪಂಚಾಯತಿಯ ಪ್ರಕಾರ್ಯಗಳ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ಕೆಳಗಿನ ಕೆಲಸಗಳಿಗೆ ಪ್ರತ್ಯೇಕ ಯೋಜನೆಯನ್ನು ಕಾಯುವ ಅಗತ್ಯವಿಲ್ಲ. ವಾರ್ಷಿಕ ಕ್ರಿಯಾ ಯೋಜನೆಯಲ್ಲಿಯೇ ಇವುಗಳನ್ನು ಸೇರಿಸಿಕೊಳ್ಳಬಹುದು.

ದಾರಿಗಳ ಪಟ್ಟಿ. ಗ್ರಾಮ ಆಡಳಿತ ಅಧಿಕಾರಿ ಹಾಗೂ ಭೂಮಾಪಕರ ನೆರವಿನಿಂದ ಗ್ರಾಮ ನಕಾಶೆಯಲ್ಲಿ ಕಾಣುವ ಬಂಡಿದಾರಿ ಮತ್ತು ಕಾಲುದಾರಿಗಳನ್ನು ಗುರುತಿಸಿ, ಊರಿನ ಹಿರಿಯರೊಂದಿಗೆ ಒಮ್ಮೆ ನಡೆದು ನೋಡಿ, ಪಟ್ಟಿ ಸಿದ್ಧಪಡಿಸುವುದು ಮೊದಲ ಹೆಜ್ಜೆ. ಮುಚ್ಚಿಹೋದ ದಾರಿಯ ವಿಷಯವನ್ನು ತಹಶೀಲ್ದಾರರ ಗಮನಕ್ಕೆ ತರಬೇಕು. ಒತ್ತುವರಿಯ ವಿಚಾರದಲ್ಲಿ ಪಂಚಾಯತಿಯೇ ನೇರವಾಗಿ ಜಗಳಕ್ಕೆ ಇಳಿಯುವುದಕ್ಕಿಂತ ಅಳತೆ ಮಾಡಿಸುವುದು ಮೇಲು. ಎಷ್ಟೋ ಪ್ರಕರಣಗಳಲ್ಲಿ ಅಳತೆಯ ಕಲ್ಲು ಬಿದ್ದ ಮೇಲೆ ಮಾತು ತಾನಾಗಿ ಮುಗಿಯುತ್ತದೆ.

ಮುರುಮ ಮತ್ತು ಚರಂಡಿ. ‘ನಮ್ಮ ಹೊಲ ನಮ್ಮ ರಸ್ತೆ’ ಮಾದರಿಯಲ್ಲಿ ಉದ್ಯೋಗ ಖಾತರಿಯ ಅಡಿ ಹೊಲದ ದಾರಿಗಳನ್ನು ಸುಧಾರಿಸಿದ ಅನುಭವ ಪಂಚಾಯತಿಗಳಿಗೆ ಇದೆ. ರೈತನ ಬಂಡಿಗೆ ಮಾಡಿದ ದಾರಿಯೇ ಸೈಕಲ್ಲಿಗೂ ಆಗುತ್ತದೆ. ಅನುಮತಿಸಲಾದ ಕಾಮಗಾರಿಗಳ ಚಾಲ್ತಿ ಪಟ್ಟಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಂದ ಖಚಿತಪಡಿಸಿಕೊಂಡು ಪ್ರಸ್ತಾವನೆ ಸಲ್ಲಿಸಬೇಕು.

ನೆರಳಿನ ಸಾಲು. ಗಿಡ ನೆಡುವಾಗ ದಾರಿಯ ದಿಕ್ಕನ್ನು ನೋಡುವುದು ಅಗತ್ಯ. ಜನವಾಡದ ದಾರಿಯಂತೆ ಉತ್ತರ–ದಕ್ಷಿಣವಾಗಿ ಸಾಗುವ ದಾರಿಗೆ ಪೂರ್ವ ಬದಿಯ ಮರಗಳು ಬೆಳಗಿನ ಹೊತ್ತು, ಪಶ್ಚಿಮ ಬದಿಯ ಮರಗಳು ಮಧ್ಯಾಹ್ನದ ನಂತರ ನೆರಳು ನೀಡುತ್ತವೆ. ಸವಾರಿ ನಡೆಯುವುದು ಹೆಚ್ಚಾಗಿ ಬೆಳಗ್ಗೆಯಾದ್ದರಿಂದ ಪೂರ್ವದ ಬದಿಗೆ ಆದ್ಯತೆ ಸಲ್ಲಬೇಕು. ಪೂರ್ವ–ಪಶ್ಚಿಮವಾಗಿ ಸಾಗುವ ದಾರಿಗೆ ದಕ್ಷಿಣ ಬದಿಯ ಮರಗಳು ಹೆಚ್ಚು ಉಪಯುಕ್ತ. ಬೇವು, ಹೊಂಗೆ, ಹುಣಸೆ, ನೇರಳೆ ಇಲ್ಲಿಯ ನೆಲಕ್ಕೆ ಒಗ್ಗುವ ಮರಗಳು. ಬೆಳೆಯ ಮೇಲೆ ನೆರಳು ಬೀಳುತ್ತದೆಂಬ ರೈತರ ಆಕ್ಷೇಪ ಸಹಜವಾದುದು. ಮರಗಳ ಅಂತರವನ್ನು ಹೆಚ್ಚಿಸಿ, ಗಿಡ ಕಾಪಾಡುವ ಕುಟುಂಬಕ್ಕೇ ಫಲದ ಹಕ್ಕು ದೊರೆಯುವಂತೆ ಮಾಡಿದರೆ ಆಕ್ಷೇಪ ಸಹಕಾರವಾಗಿ ಬದಲಾಗಬಹುದು. ತಿರುವುಗಳಲ್ಲಿ ಎದುರಿನ ವಾಹನ ಕಾಣದಂತೆ ಗಿಡ ನೆಡಬಾರದು.

ನೀರು ಮತ್ತು ಕಟ್ಟೆ. ಐದಾರು ಕಿಲೋಮೀಟರಿಗೆ ಒಂದರಂತೆ ಶುದ್ಧ ನೀರಿನ ಸ್ಥಳವಿದ್ದರೆ ಸಾಕು. ಶುದ್ಧ ಕುಡಿಯುವ ನೀರಿನ ಘಟಕ, ಶಾಲೆ, ಪಂಚಾಯತಿ ಕಚೇರಿ ಅಥವಾ ಗುಡಿಯ ಮುಂದಿನ ಕಟ್ಟೆಯನ್ನೇ ಇದಕ್ಕೆ ಗೊತ್ತುಮಾಡಬಹುದು. ಅಲ್ಲಿ ಮಹಿಳೆಯರಿಗೆ ಬಳಸಲು ಯೋಗ್ಯವಾದ, ಬೀಗ ಜಡಿಯದ ಶೌಚಾಲಯ ಇರುವಂತೆ ನೋಡಿಕೊಳ್ಳಬೇಕು. ಮಹಿಳಾ ಸವಾರರು ಒಂದು ಮಾರ್ಗಕ್ಕೆ ಬರುವರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಒಂದು ಅನುಕೂಲದಿಂದ ನಿರ್ಧಾರವಾಗುತ್ತದೆ.

ಮುಳ್ಳು, ಕಿರುಸೇತುವೆ, ವೇಗತಡೆ. ದಾರಿಬದಿಯ ಜಾಲಿಯನ್ನು ಕಡಿದು ಕೊಂಬೆಗಳನ್ನು ಅಲ್ಲಿಯೇ ಬಿಡುವುದರಿಂದ ಸೈಕಲ್ ಗಾಲಿಗಳಿಗೆ ತುಂಬಾ ತೊಂದರೆಯಾಗುತ್ತದೆ. ಕಡಿದ ದಿನವೇ ಅವನ್ನು ತೆಗೆಸಬೇಕು. ಬದಿಗೋಡೆಯಿಲ್ಲದ ಕಿರುಸೇತುವೆ ಹಾಗೂ ತೆರೆದ ಬಾವಿಗಳು ಮಬ್ಬುಗತ್ತಲಲ್ಲಿ ಪ್ರಾಣಕ್ಕೆ ಅಪಾಯ. ಇಂತಹ ಸ್ಥಳಗಳನ್ನು ಪಟ್ಟಿಮಾಡಿ ಸುಣ್ಣದ ಗುರುತು ಹಾಕುವುದು ಕೂಡಲೇ ಮಾಡಬಹುದಾದ ಕೆಲಸ. ಕಬ್ಬಿನ ಹಂಗಾಮಿಗೆ ಮುಂಚೆ ಟ್ರ್ಯಾಕ್ಟರ್ ಟ್ರೇಲರುಗಳ ಹಿಂಬದಿಗೆ ಹೊಳೆಯುವ ಪಟ್ಟಿ ಅಂಟಿಸುವ ಬಗ್ಗೆ ಪೊಲೀಸ್ ಠಾಣೆ ಮತ್ತು ಕಾರ್ಖಾನೆಯವರೊಂದಿಗೆ ಸಭೆ ನಡೆಸುವುದು ಸೂಕ್ತ.

7. ಅನುಮತಿ ಅಗತ್ಯವಾದ ಸ್ಥಳಗಳು

ಉತ್ಸಾಹದಿಂದ ಆರಂಭಿಸಿದ ಕೆಲಸ ಕಾನೂನಿನ ತೊಡಕಿನಿಂದ ನಿಲ್ಲಬಾರದು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯು ಇದನ್ನು ವಿಧಿಸಿದೆ. ಅಷ್ಟೂರಿನಂತಹ ಸ್ಥಳದಲ್ಲಿ ಒಂದು ಸಣ್ಣ ತಂಗುದಾಣ ಕಟ್ಟುವುದಕ್ಕೂ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸಬೇಕು. ದಖನ್ ಸುಲ್ತಾನರ ಕಾಲದ ಸ್ಮಾರಕಗಳು ಮತ್ತು ಕೋಟೆಗಳ ಭಾಗವಾಗಿ ಬೀದರ್ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಸುತ್ತಲಿನ ಪರಿಸರವೂ ಆ ಗೌರವದ ಒಂದು ಅಂಗ.

ಕಾಯ್ದಿಟ್ಟ ಅರಣ್ಯದೊಳಗೆ ಹೊಸ ದಾರಿ ತೆರೆಯುವಂತಿಲ್ಲ. ಇರುವ ದಾರಿಯ ಬಳಕೆಗೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಕೃಷ್ಣಮೃಗವು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿ. ಅದಕ್ಕೆ ಬೇಕಾದುದು ತೆರೆದ ಹುಲ್ಲುಗಾವಲು. ಹುಲ್ಲುಗಾವಲನ್ನು ಪಾಳು ಭೂಮಿ ಎಂದು ಭಾವಿಸಿ ದಟ್ಟವಾಗಿ ಗಿಡ ನೆಟ್ಟರೆ ಅದರ ನೆಲೆ ತಪ್ಪುತ್ತದೆ. ಆದ್ದರಿಂದ ಹಸಿರು ಎಂದರೆ ಎಲ್ಲೆಡೆಯೂ ಮರ ಎಂದರ್ಥವಲ್ಲ. ನೆರಳಿನ ಸಾಲು ದಾರಿಯ ಬದಿಗೆ ಇರಲಿ. ಹುಲ್ಲು ಹುಲ್ಲಾಗಿಯೇ ಇರಲಿ. ಹೆದ್ದಾರಿಯ ಅಂಚಿನ ಕೆಲಸಗಳಿಗೆ ಹೆದ್ದಾರಿ ಪ್ರಾಧಿಕಾರ ಅಥವಾ ಲೋಕೋಪಯೋಗಿ ಇಲಾಖೆಯೂ, ಮರ ಕಡಿಯುವ ವಿಷಯದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಅಧಿಕಾರಿಗಳೂ ಸಂಬಂಧಪಟ್ಟವರಾಗಿರುತ್ತಾರೆ.

8. ಆದಾಯದ ಬಗ್ಗೆ ಸರಿಯಾದ ತಿಳಿವಳಿಕೆ

ಸೈಕಲ್ ಪ್ರವಾಸದಿಂದ ಪಂಚಾಯತಿಯ ಖಜಾನೆ ತುಂಬುತ್ತದೆ ಎಂದು ಹೇಳುವುದು ಸರಿಯಲ್ಲ. ಬರುವವರ ಸಂಖ್ಯೆ ಕಡಿಮೆ, ಅವರು ವ್ಯಯಿಸುವ ಹಣವೂ ಸಾಧಾರಣ. ಆದರೆ ಆ ಹಣ ಊರಿನಲ್ಲಿಯೇ ಉಳಿಯುತ್ತದೆ. ಸ್ವಸಹಾಯ ಸಂಘದ ಮಹಿಳೆಯರು ರಜಾದಿನದ ಬೆಳಗ್ಗೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇಟ್ಟರೆ ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಊರಿನ ಪಂಕ್ಚರ್ ಅಂಗಡಿಯವರಿಗೆ ಸೈಕಲ್ ಟ್ಯೂಬು, ಪಂಪು ಇಟ್ಟುಕೊಳ್ಳಲು ಹೇಳಿದರೆ ಶಾಲಾಮಕ್ಕಳಿಗೂ ಅನುಕೂಲ. ಎಳ್ಳಮಾವಾಸ್ಯೆಯ ದಿನ ನಗರದ ಜನ ಹೊಲಗಳಿಗೆ ಬಂದು ಭಜ್ಜಿ, ಅಂಬಲಿ ಉಂಡು ಹೋಗುವ ವಾಡಿಕೆ ಈ ಜಿಲ್ಲೆಗೆ ಹೊಸದೇನಲ್ಲ. ಆ ಒಂದು ದಿನದ ನಂಟನ್ನು ವರ್ಷದ ಇತರ ದಿನಗಳಿಗೂ ವಿಸ್ತರಿಸುವುದೇ ಇಲ್ಲಿಯ ಆಶಯ.

ಬರುವವರಿಗೂ ಕಟ್ಟುಪಾಡುಗಳಿರಬೇಕು. ಬೆಳೆಯೊಳಗೆ ಸೈಕಲ್ ನುಗ್ಗಿಸದಿರುವುದು, ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಭಾವಚಿತ್ರವನ್ನು ಕೇಳದೆ ತೆಗೆಯದಿರುವುದು, ಪ್ಲಾಸ್ಟಿಕ್ ಬಾಟಲಿ ಬಿಸಾಡದಿರುವುದು, ಸಂಜೆಯ ನಂತರ ಹುಲ್ಲುಗಾವಲಿಗೆ ಇಳಿಯದಿರುವುದು ಇತ್ಯಾದಿ ನಾಲ್ಕು ಮಾತುಗಳನ್ನು ಪಂಚಾಯತಿಯ ಫಲಕದಲ್ಲಿ ಬರೆಸಬಹುದು.

9. ಗ್ರಾಮ ಸಭೆಯ ಮುಂದಿಡಬೇಕಾದ ಪ್ರಶ್ನೆಗಳು

ಮುಂಬರುವ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಚರ್ಚೆಗೆ ತರುವುದು ಉಪಯುಕ್ತವಾಗಿರುತ್ತದೆ:

(1) ನಮ್ಮ ಗ್ರಾಮ ನಕಾಶೆಯಲ್ಲಿರುವ ಬಂಡಿದಾರಿಗಳು ಎಷ್ಟು, ಅವುಗಳಲ್ಲಿ ಇಂದು ನಡೆದುಹೋಗಲು ಸಾಧ್ಯವಿರುವವು ಎಷ್ಟು?
(2) ಪ್ರೌಢಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳು ಹೆದ್ದಾರಿಗೆ ಎಲ್ಲಿ ಇಳಿಯಬೇಕಾಗಿದೆ, ಅದನ್ನು ತಪ್ಪಿಸುವ ಒಳದಾರಿ ಇದೆಯೇ?
(3) ಹೊಸ ಬಡಾವಣೆಯ ನಕ್ಷೆ ಪಂಚಾಯತಿಯ ಮುಂದೆ ಬಂದಾಗ ಹಳೆಯ ದಾರಿ, ಝರಿ, ಕರೇಜಿನ ಬಾವಿ ಅದರಲ್ಲಿ ತೋರಿಸಲ್ಪಟ್ಟಿವೆಯೇ?
(4) ದಾರಿಬದಿಯ ಹಳೆಯ ಮರಗಳ ಎಣಿಕೆ ನಮ್ಮಲ್ಲಿ ದಾಖಲಾಗಿದೆಯೇ?
(5) ನೀರು, ಶೌಚಾಲಯ, ಕಟ್ಟೆ ಒಂದೆಡೆ ಸಿಗುವ ಸ್ಥಳ ಊರಿನಲ್ಲಿ ಯಾವುದು?
(6) ದಾರಿ ಮುಂದುವರಿಯಲು ಯಾವ ನೆರೆಯ ಪಂಚಾಯತಿಯೊಂದಿಗೆ ಮಾತನಾಡಬೇಕು?

ಮೊದಲ ವರ್ಷ ಒಂದೇ ಮಾರ್ಗ ಸಾಕು. ಎಂಟೋ ಹತ್ತೋ ಕಿಲೋಮೀಟರಿನ ಒಂದು ಒಳದಾರಿಯನ್ನು ಆಯ್ದು, ಅಳತೆ ಮಾಡಿಸಿ, ಮುರುಮ ಹಾಕಿ, ಗುರುತಿನ ಕಲ್ಲು ನೆಟ್ಟು, ಶಾಲಾಮಕ್ಕಳು ಅದರಲ್ಲಿ ನಿರ್ಭಯವಾಗಿ ಹೋಗಿಬರುವಂತೆ ಮಾಡಿದರೆ ಕೆಲಸ ಅರ್ಧ ಮುಗಿದಂತೆ. ಮಕ್ಕಳು ಓಡಾಡುವ ದಾರಿಯಲ್ಲಿ ಪ್ರವಾಸಿಯೂ ಓಡಾಡಬಲ್ಲನು. ಇದಕ್ಕೆ ವ್ಯತಿರಿಕ್ತವಾಗಿ, ಪ್ರವಾಸಿಗಾಗಿ ಮಾತ್ರ ಮಾಡಿದ ದಾರಿಯು ಉದ್ಘಾಟನೆಯ ಮರುವರ್ಷವೇ ಜಾಲಿಯ ಪಾಲಾಗುವ ಸಂಭವ ಹೆಚ್ಚು.

ದಾರಿಯ ಗೆರೆ ನಕಾಶೆಯಲ್ಲಿ ಇರುವಾಗಲೇ, ಅದರ ಗುರುತು ಬಲ್ಲ ಹಿರಿಯರು ಊರಿನಲ್ಲಿ ಇರುವಾಗಲೇ ಈ ಕೆಲಸ ಆಗತಕ್ಕದ್ದು. ಹೊಲಗಳು ನಿವೇಶನಗಳಾದ ಮೇಲೆ ದಾರಿಗೆಂದು ಒಂದು ಗುಂಟೆ ಜಾಗ ಬಿಡಿಸಿಕೊಳ್ಳುವುದೂ ದುಸ್ತರವಾಗುತ್ತದೆ. ಇಂದು ಅದಕ್ಕೆ ಬೇಕಾಗಿರುವುದು ಒಂದು ದಿನದ ನಡಿಗೆ, ಒಂದು ಪಟ್ಟಿ ಮತ್ತು ಗ್ರಾಮ ಸಭೆಯ ಒಂದು ಠರಾವು.